ಡಿಶ್ಶಿನ ಡೊಂಕು ಬಿಡಿಸುವ ಗಣಿತ

ತಾರಸಿಯ ಮೇಲಿನ ಟಿವಿ ಡಿಶ್ ಆಗಲಿ, ಬೆಂಗಳೂರಿನ ಆಚೆ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಆಗಲಿ, ಎರಡರ ಮೈಯೂ ಒಂದೇ ಲೆಕ್ಕದಲ್ಲಿ ಬಾಗಿರುತ್ತದೆ. ದೂರದಿಂದ ಸಮಾನಾಂತರವಾಗಿ ಬರುವ ರೇಡಿಯೊ ಅಲೆಗಳು ಡಿಶ್ಶಿನ ಯಾವ ಭಾಗಕ್ಕೆ ಬಿದ್ದರೂ ಪುಟಿದು ನಾಭಿ ಎಂಬ ಒಂದೇ ಬಿಂದುವನ್ನು ಒಟ್ಟಿಗೇ ಮುಟ್ಟಬೇಕು. ಅಂಚಿಗೆ ಬಿದ್ದ ಅಲೆಗೂ ನಡುವಿಗೆ ಬಿದ್ದ ಅಲೆಗೂ ದಾರಿಯ ಉದ್ದ ಸಮವಾಗಿದ್ದರೆ ಮಾತ್ರ ಇದು ಸಾಧ್ಯ. ಆ ಸಮ ಮಾಡುವ ಕೆಲಸವನ್ನು ಮಾಡುವುದು ಡಿಶ್ಶಿನ ಡೊಂಕು.

ಆದರೆ ಡೊಂಕಿನಿಂದ ತೊಂದರೆಗಳೂ ಇವೆ. ಅದು ಗಾಳಿ ಹಿಡಿಯುತ್ತದೆ. ವಿಮಾನದ ಬೆನ್ನಿಗೆ, ರೈಲಿನ ಚಾವಣಿಗೆ ಹೊಂದುವುದಿಲ್ಲ. ಬೇರೆ ದಿಕ್ಕಿಗೆ ನೋಡಬೇಕೆಂದರೆ ಇಡೀ ಡಿಶ್ ಹೊರಳಬೇಕು. ಹಾಗಾದರೆ ಆಕಾರದ ಕೆಲಸವನ್ನು ವಸ್ತುವಿಗೇ ಒಪ್ಪಿಸಿದರೆ ಹೇಗೆ?

ಪ್ಲಾಸ್ಟಿಕ್, ಗಾಜು, ಸೆರಾಮಿಕ್‌ಗಳ ಒಳಗೆ ರೇಡಿಯೊ ಅಲೆ ನಿಧಾನವಾಗುತ್ತದೆ. ಎಷ್ಟು ಪಟ್ಟು ನಿಧಾನ ಎಂಬುದೇ ಆ ವಸ್ತುವಿನ ವಕ್ರೀಭವನಾಂಕ. ಈ ಅಂಕ ಒಂದೇ ಹಲಗೆಯೊಳಗೆ ಜಾಗದಿಂದ ಜಾಗಕ್ಕೆ ಮೆಲ್ಲಗೆ ಬದಲಾಗುತ್ತಿದ್ದರೆ, ಹಲಗೆ ಚಪ್ಪಟೆಯಾಗಿದ್ದರೂ ಒಳಗಿನ ಅಲೆ ಬಾಗುತ್ತದೆ. ಮೀನಿನ ಕಣ್ಣಿನ ಮಸೂರ ಹೀಗೆಯೇ ಇದೆ: ನಡುವೆ ಸಾಂದ್ರ, ಅಂಚಿನತ್ತ ಹೋದಂತೆ ವಿರಳ. ಇಂಥ ಮಸೂರದ ಒಂದು ಗಣಿತ ರೂಪವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1854ರಷ್ಟು ಹಿಂದೆಯೇ ಬರೆದಿದ್ದರು.

1944ರಲ್ಲಿ ರುಡಾಲ್ಫ್ ಲೂನೆಬರ್ಗ್ ಇನ್ನೂ ಸೊಗಸಾದ ಗೋಳವೊಂದನ್ನು ಲೆಕ್ಕ ಹಾಕಿ ಕೊಟ್ಟರು. ಅದರ ವಕ್ರೀಭವನಾಂಕ ಕೇಂದ್ರದಲ್ಲಿ ಸುಮಾರು 1.41, ಮೇಲ್ಮೈಯಲ್ಲಿ ಗಾಳಿಯಷ್ಟೇ, ಅಂದರೆ 1. ಯಾವ ದಿಕ್ಕಿನಿಂದ ಅಲೆ ಬಂದರೂ ಅದು ಗೋಳದ ಎದುರು ಬದಿಯ ಒಂದು ಬಿಂದುವಿನಲ್ಲಿ ಕೂಡುತ್ತದೆ. ಗೋಳ ಹೊರಳಬೇಕಿಲ್ಲ, ಅಲೆ ಹಿಡಿಯುವ ಪುಟ್ಟ ರಿಸೀವರನ್ನು ಸರಿಸಿದರೆ ಸಾಕು. ಹಲವು ರಿಸೀವರ್‌ಗಳನ್ನು ಇಟ್ಟರೆ ಏಕಕಾಲಕ್ಕೆ ಹಲವು ದಿಕ್ಕು ನೋಡಬಹುದು. ರೇಡಾರ್ ಕಣ್ಣಿಗೆ ಬೀಳದಂತೆ ಕಟ್ಟಿದ ಯುದ್ಧವಿಮಾನಗಳಿಗೂ, ಶಾಂತಿಕಾಲದ ಹಾರಾಟದಲ್ಲಿ ಬೇಕೆಂದೇ ಕಾಣಿಸಿಕೊಳ್ಳಲು, ಪ್ರತಿಫಲಕ ಸೇರಿಸಿದ ಲೂನೆಬರ್ಗ್ ಮಸೂರಗಳನ್ನು ಸಿಕ್ಕಿಸುತ್ತಾರೆ. ತೊಡಕು ಒಂದೇ: ಅದು ಚೆಂಡು. ನಾಭಿಗಳೆಲ್ಲ ಚೆಂಡಿನ ಬಾಗಿದ ಮೈಮೇಲೆ ಹರಡಿವೆ. ನಮ್ಮ ಸರ್ಕ್ಯೂಟ್ ಬೋರ್ಡುಗಳೋ ಚಪ್ಪಟೆ.

ಚೆಂಡನ್ನು ಚಪ್ಪಟೆ ಮಾಡುವ ದಾರಿ ತೆರೆದದ್ದು 2006ರಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಪೆಂಡ್ರಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಶೂರಿಗ್ ಮತ್ತು ಡೇವಿಡ್ ಸ್ಮಿತ್ ಒಂದು ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಉಲ್ಫ್ ಲಿಯೊನ್‌ಹಾರ್ಟ್ ಬೇರೆಯಾಗಿ ಇಂಥದೇ ವಿಚಾರ ಮುಂದಿಟ್ಟರು. ಟ್ರಾನ್ಸ್‌ಫರ್ಮೇಶನ್ ಆಪ್ಟಿಕ್ಸ್ ಎಂದು ಹೆಸರಾದ ಈ ವಿಧಾನ ಹೀಗಿದೆ. ರಬ್ಬರ್ ಹಾಳೆಯ ಮೇಲೆ ಚೌಕಳಿ ಎಳೆದು, ಬೆಳಕಿನ ದಾರಿಯನ್ನು ಗೆರೆಯಾಗಿ ಬರೆಯಿರಿ. ಹಾಳೆಯನ್ನು ಹಿಗ್ಗಿಸಿದರೆ ಚೌಕಳಿಯ ಜೊತೆ ಗೆರೆಯೂ ಬಾಗುತ್ತದೆ. ಬೆಳಕು, ರೇಡಿಯೊ ಅಲೆ ಎರಡರ ನಡೆಯನ್ನೂ ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳ ವಿಶೇಷವೆಂದರೆ, ಹೀಗೆ ಅಳತೆಯ ಚೌಕಳಿಯನ್ನು ಎಳೆದಾಡಿದರೂ ಅವುಗಳ ರೂಪ ಕೆಡುವುದಿಲ್ಲ. ಎಳೆತವೆಲ್ಲ ವಸ್ತುವಿನ ವಿದ್ಯುತ್ ಮತ್ತು ಕಾಂತ ಗುಣಗಳ ಬದಲಾವಣೆಯಾಗಿ ಲೆಕ್ಕಕ್ಕೆ ಸೇರುತ್ತದೆ. ಅಂದರೆ ಅಲೆ ಹೇಗೆ ಸಾಗಬೇಕೆಂದು ಮೊದಲು ಬರೆದುಕೊಂಡರೆ, ಎಲ್ಲೆಲ್ಲಿ ಎಂಥ ವಸ್ತು ಬೇಕೆಂಬುದನ್ನು ಸಮೀಕರಣವೇ ಹೇಳುತ್ತದೆ. ಅದೇ ವರ್ಷ ಡ್ಯೂಕ್‌ನಲ್ಲಿ ಮೈಕ್ರೊವೇವ್ ಅಲೆಗಳಿಗಾಗಿ ಮಾಡಿ ತೋರಿಸಿದ ಅದೃಶ್ಯ ಕವಚ ಸುದ್ದಿ ಮಾಡಿತು. ಆಂಟೆನಾ ಎಂಜಿನಿಯರುಗಳಿಗೆ ದಕ್ಕಿದ್ದು ಮಾತ್ರ ಅದರ ಹಿಂದಿನ ಗಣಿತ.

ಒಂದು ಅಡ್ಡಿ ಉಳಿದಿತ್ತು. ಹಾಳೆಯನ್ನು ಮನಬಂದಂತೆ ಎಳೆದರೆ ದಿಕ್ಕಿಗೊಂದು ಗುಣವಿರುವ ವಸ್ತು ಬೇಕಾಗುತ್ತದೆ. ಅಂಥದ್ದನ್ನು ಪುಟ್ಟ ಲೋಹದ ಉಂಗುರಗಳಿಂದ ಕಟ್ಟಬಹುದಾದರೂ ಅದು ಕಿರಿದಾದ ತರಂಗಾಂತರದ ಪಟ್ಟಿಯಲ್ಲಷ್ಟೇ ಕೆಲಸ ಮಾಡುತ್ತದೆ, ಅಲೆಯ ಶಕ್ತಿಯನ್ನೂ ನುಂಗುತ್ತದೆ. ಚೌಕಳಿಯ ಒಂದೊಂದು ಮನೆಯೂ ಆದಷ್ಟು ಚೌಕವಾಗಿಯೇ ಉಳಿಯುವಂತೆ ಎಳೆದರೆ ಸಾಧಾರಣ ವಸ್ತುವೇ ಸಾಕು ಎಂದು 2008ರಲ್ಲಿ ಜೆನ್ಸೆನ್ ಲಿ ಮತ್ತು ಪೆಂಡ್ರಿ ತೋರಿಸಿದರು. ಇದರ ಬೆನ್ನಲ್ಲೇ, 2010ರಲ್ಲಿ, ನೇಥನ್ ಕುಂಟ್ಸ್ ಮತ್ತು ಸ್ಮಿತ್ ಲೂನೆಬರ್ಗ್ ಮಸೂರದ ಒಂದು ಬದಿಯನ್ನು ಚಪ್ಪಟೆ ಮಾಡಿದರು. ಚೀನಾದ ನಾನ್‌ಜಿಂಗ್‌ನಲ್ಲಿ ತಿಯೆ ಜುನ್ ಸೂಯಿ ಮತ್ತು ಸಂಗಡಿಗರು ಮೂರು ಆಯಾಮದ ಮಸೂರವನ್ನೇ ಮಾಡಿದರು. ಅದಕ್ಕೆ ಬೇಕಾದದ್ದು ಡೈಎಲೆಕ್ಟ್ರಿಕ್, ಅಂದರೆ ವಿದ್ಯುತ್ ಹರಿಯಗೊಡದ ಹಲಗೆಗಳು ಮತ್ತು ತೂತು ಕೊರೆಯಲು ಡ್ರಿಲ್. 12 ಗಿಗಾಹರ್ಟ್ಸ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್. ಅದಕ್ಕಿಂತ ತೀರಾ ಚಿಕ್ಕದಾದ ತೂತುಗಳನ್ನು ಅಲೆ ಬಿಡಿಬಿಡಿಯಾಗಿ ಗುರುತಿಸದು. ಹಲಗೆ ಮತ್ತು ಗಾಳಿಯ ಸರಾಸರಿಯಷ್ಟೇ ಅದರ ಅನುಭವಕ್ಕೆ ಬರುತ್ತದೆ. ತೂತು ಹೆಚ್ಚಿದಂತೆ ವಕ್ರೀಭವನಾಂಕ ಇಳಿಯುತ್ತದೆ.

ಇಷ್ಟಾದರೂ ತೆಳುವಾಗುವುದು ಪುಕ್ಕಟೆಯಲ್ಲ. 60 ಸೆಂಟಿಮೀಟರ್ ಅಗಲದ ಚಪ್ಪಟೆ ಮಸೂರದ ನಾಭಿ 30 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ನಾಭಿಯಿಂದ ಅಂಚಿಗೆ 42.4 ಸೆಂಟಿಮೀಟರ್. ಅಂದರೆ ಅಂಚಿನ ಅಲೆಗೆ ದಾರಿ 12.4 ಸೆಂಟಿಮೀಟರ್ ಹೆಚ್ಚು. ನಡುವಿನ ಅಲೆಯನ್ನು ಅಷ್ಟೇ ತಡೆಯಬೇಕು. ಸ್ಥೂಲ ಲೆಕ್ಕದಲ್ಲಿ, ಹಲಗೆ 12.4 ಸೆಂಟಿಮೀಟರ್ ದಪ್ಪವಿದ್ದರೆ ನಡುವಿನ ವಕ್ರೀಭವನಾಂಕ 2 ಸಾಕು. ದಪ್ಪ ಅರ್ಧಕ್ಕೆ ಇಳಿದರೆ 3 ಬೇಕು. ಆಗ ಭಾರದ ಸೆರಾಮಿಕ್ ಬೇಕಾಗುತ್ತದೆ, ಮೇಲ್ಮೈಯಲ್ಲೇ ಕಾಲು ಭಾಗದಷ್ಟು ಶಕ್ತಿ ಹಿಂದಕ್ಕೆ ಪುಟಿಯುತ್ತದೆ, ಅದನ್ನು ತಡೆಯಲು ಇನ್ನೊಂದು ಪದರ ಬೇಕು. ಆಕಾರದಲ್ಲಿ ಉಳಿಸಿದ್ದನ್ನು ವಸ್ತುವಿನಲ್ಲಿ ತೆರಬೇಕು.

ಚಪ್ಪಟೆ ಆಂಟೆನಾಗೆ ಇನ್ನೊಂದು ದಾರಿಯೂ ಇದೆ. ಉಪಗ್ರಹ ಇಂಟರ್‌ನೆಟ್ಟಿನ ಸ್ಟಾರ್‌ಲಿಂಕ್ ಹಲಗೆಯಲ್ಲಿರುವಂತೆ ನೂರಾರು ಪುಟ್ಟ ಆಂಟೆನಾಗಳನ್ನು ಜೋಡಿಸಿ, ಅವುಗಳ ಅಲೆಗಳನ್ನು ಚಿಪ್‌ಗಳಿಂದ ಹೊಂದಿಸುವುದು. ಅದು ಚುರುಕು, ಆದರೆ ಸದಾ ವಿದ್ಯುತ್ ಬೇಡುತ್ತದೆ. ಮಸೂರ ಅಲೆಯನ್ನು ಬಾಗಿಸಲು ಒಂದು ವ್ಯಾಟ್ ಕೂಡ ಕೇಳುವುದಿಲ್ಲ. ಒಂದೇ ಉಪಗ್ರಹವನ್ನು ನೋಡುತ್ತ ಕೂರುವ ಕೆಲಸಕ್ಕೆ ಬಾಗಿದ ತಗಡೇ ಅಗ್ಗ, ಅದೇ ಸರಿ. ಜಾಗ ಕಡಿಮೆ, ದಿಕ್ಕು ಹಲವು, ವಿದ್ಯುತ್ ಮಿತ ಎನ್ನುವ ಕಡೆಗಳಲ್ಲಿ ಮಾತ್ರ ಚಪ್ಪಟೆ ಮಸೂರ ತನ್ನ ಭಾರಕ್ಕೆ ತಕ್ಕ ಫಲ ಕೊಡುತ್ತದೆ.