ಮುಂಜಾವಿನಲ್ಲಿ ಹಟ ಹಿಡಿಯುವ ಎಂಜಿನ್ನು

ಅಮರ್ಜಾ ನದಿಯು ಭೀಮೆಯನ್ನು ಕೂಡುವ ಗಾಣಗಾಪುರದ ಆಸುಪಾಸಿನಲ್ಲಿ ಪುಷ್ಯಮಾಸದ ಮುಂಜಾವನ್ನು ಕಂಡವರು ಈ ನೋಟವನ್ನೂ ಕಂಡಿರಬಹುದು. ಕಬ್ಬಿಗೆ ನೀರು ಹಾಯಬೇಕು, ವಿದ್ಯುತ್ತು ಹೋಗಿದೆ. ಮೂಲೆಯಲ್ಲಿದ್ದ ಹಳೆಯ ಡೀಸೆಲ್ ಎಂಜಿನ್ನನ್ನು ಹೊರಗೆಳೆದು ಇಬ್ಬರು ಸರದಿಯಂತೆ ಹ್ಯಾಂಡಲು ತಿರುಗಿಸುತ್ತಿದ್ದಾರೆ. ಅದು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ‘ಥಂಡಿ ಹಿಡದದ’ ಎನ್ನುತ್ತಾರೆ. ಅಫಜಲಪುರ, ಆಳಂದ, ಜೇವರ್ಗಿ ಎಲ್ಲ ಕಡೆಯೂ ಇದೇ ಮಾತು. ಮಧ್ಯಾಹ್ನ ಅದೇ ಎಂಜಿನ್ನು ನಾಲ್ಕೇ ಸುತ್ತಿಗೆ ಹೊರಡುವುದುಂಟು. ಹಾಗಾದರೆ ರೈತರ ಮಾತು ಬರಿಯ ಅಲಂಕಾರವಲ್ಲ. ಅದರಲ್ಲಿ ಉಷ್ಣಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುತ್ತದೆ. 1897 ರಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುವಿರಷ್ಟೆ. ಬೇಗನೆ ಅದುಮಿದ ಗಾಳಿ ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನೇಳನೆಯ ಒಂದು ಭಾಗಕ್ಕೆ ಅದುಮುತ್ತಾರೆ. ಶಾಖ ಎಲ್ಲಿಯೂ ಸೋರದಿದ್ದರೆ, 17 ನ್ನು 0.4 ರ ಘಾತಕ್ಕೆ ಏರಿಸಿ ಮೊದಲಿನ ಕೆಲ್ವಿನ್ ಉಷ್ಣತೆಯಿಂದ ಗುಣಿಸಬೇಕು. 300 ಕೆಲ್ವಿನ್ನಿನ ಗಾಳಿ ಸುಮಾರು 930 ಕೆಲ್ವಿನ್ನಿಗೆ, ಅಂದರೆ 650 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಏರುತ್ತದೆ. ಅದರೊಳಗೆ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಆದರೆ ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಶಾಖವು ತಣ್ಣನೆಯ ಸಿಲಿಂಡರಿನ ಗೋಡೆಗೆ ಹೋಗಿಬಿಡುತ್ತದೆ. ಉಂಗುರಗಳ ಸಂದಿನಿಂದ ಗಾಳಿಯೂ ಸೋರುತ್ತದೆ. ಹೀಗಾಗಿ ಘಾತವು 0.4 ರ ಬದಲು 0.2 ಆಯಿತೆನ್ನೋಣ, ಮುಂಜಾವಿನ ಗಾಳಿ 12 ಡಿಗ್ರಿಯದೆನ್ನೋಣ. ಆಗ ಲೆಕ್ಕದಲ್ಲಿ ದೊರೆಯುವುದು 230 ಡಿಗ್ರಿ ಮಾತ್ರ! ಎಣ್ಣೆ ಹೊತ್ತುವ ಅಂಚು ಅದು. ಕ್ಷಣಮಾತ್ರದ ಅವಕಾಶದಲ್ಲಿ ಹೊತ್ತಲು ಸಾಲದು. ಕೆಮ್ಮಿ ಸುಮ್ಮನಾಗುವುದು ಇದರಿಂದಲೇ.

ಆದ್ದರಿಂದ ಬಲಕ್ಕಿಂತ ವೇಗ ಮುಖ್ಯ. ತಲೆಯ ಮೇಲಿರುವ ಸಣ್ಣ ಲಿವರನ್ನು ಎತ್ತಿದರೆ ಕವಾಟ ತೆರೆದೇ ನಿಲ್ಲುತ್ತದೆ, ಗಾಳಿ ಅದುಮುವ ಶ್ರಮವಿಲ್ಲದೆ ಭಾರದ ಫ್ಲೈವೀಲು ರಭಸವಾಗಿ ತಿರುಗುತ್ತದೆ. ಆ ರಭಸ ಕೂಡಿದ ಮೇಲೆಯೇ ಲಿವರನ್ನು ಬಿಡಬೇಕು. ಹೆಬ್ಬೆರಳನ್ನು ಮಾತ್ರ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಿಸಿರಿ. ಹ್ಯಾಂಡಲು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು ಸುಳ್ಳಲ್ಲ.

ಇಷ್ಟಾದರೂ ಹೊರಡದಿದ್ದರೆ ಹೊಗೆಕೊಳವೆಯತ್ತ ನೋಡಬೇಕು. ಬಿಳಿಯ ಹೊಗೆ ಬರುತ್ತಿದ್ದರೆ ಎಣ್ಣೆ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ, ಕೊರತೆ ಶಾಖದ್ದು. ಒಂದೆರಡು ಚಮಚ ಎಂಜಿನ್ ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟು ತಿರುಗಿಸಿದಾಗ ಎಂಜಿನ್ನು ಹೊರಟರೆ ಉಂಗುರಗಳು ಸವೆದಿವೆ ಎಂದೇ ಅರ್ಥ. ಎಣ್ಣೆಯ ಪದರ ತಾತ್ಕಾಲಿಕವಾಗಿ ಸಂದು ಮುಚ್ಚಿತು, ಅಷ್ಟೆ. ಹೊಗೆಯೇ ಇಲ್ಲದಿದ್ದರೆ ಎಣ್ಣೆಯೇ ತಲಪಿಲ್ಲ. ಟ್ಯಾಂಕು ಒಮ್ಮೆ ಬರಿದಾಗಿ ಕೊಳವೆಯಲ್ಲಿ ಗಾಳಿ ಸೇರಿದಾಗ ಹೀಗಾಗುವುದು ಸಾಮಾನ್ಯ. ಎಣ್ಣೆ ಸಿಂಪಡಿಸಲು ಸುಮಾರು 200 ವಾಯುಮಂಡಲಗಳ ಒತ್ತಡ ಬೇಕು. ಗಾಳಿಯ ಗುಳ್ಳೆ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆಯೇ ಹೊರತು ಆ ಒತ್ತಡವನ್ನು ಏರಗೊಡುವುದಿಲ್ಲ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕಾದು ಮತ್ತೆ ಬಿಗಿಯಬೇಕು. ಆಮೇಲೆ ಚಕ್ರ ತಿರುಗಿಸುವಾಗ ಒಳಗಿನಿಂದ ‘ಕಿರ್’ ಎಂಬ ಸದ್ದು ಕೇಳಿಸಿತೆಂದರೆ ಎಣ್ಣೆ ತಲಪಿತು. ಗಾಳಿಯ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವವರೂ ಇದ್ದಾರೆ. ಒಣ ಹುಲ್ಲಿನ ಬಣವೆ ಹತ್ತಿರವಿರುವಲ್ಲಿ ಇದು ಹುಚ್ಚು ಸಾಹಸ.

ರೇಡಿಯೋ ತರಂಗಗಳಿಂದ ಓಡಿಸುವ ಆಟದ ಕಾರಿನ ಪುಟ್ಟ ಎಂಜಿನ್ನು ಇದರ ದಾಯಾದಿಯೇ ಸರಿ. ಅದರ ಇಂಧನ ಮೆಥನಾಲ್, ನೈಟ್ರೋಮೀಥೇನ್ ಮತ್ತು ಜಾರೆಣ್ಣೆಗಳ ಮಿಶ್ರಣ. ಅದರಲ್ಲಿಯೂ ಕಿಡಿಯಿಲ್ಲ, ಪ್ಲಗ್ಗಿನಲ್ಲಿ ಪ್ಲಾಟಿನಮ್ಮಿನ ಸಣ್ಣ ಸುರುಳಿಯಿದೆ. ಹೊರಡಿಸುವಾಗ ಒಂದೂವರೆ ವೋಲ್ಟಿನ ಸೆಲ್ಲಿನಿಂದ ಅದನ್ನು ಕೆಂಪಾಗಿಸುತ್ತಾರೆ. ಹೊರಟ ಮೇಲೆ ಸೆಲ್ಲನ್ನು ತೆಗೆದರೂ ಸುರುಳಿ ಆರದು: ಮೆಥನಾಲ್ ಆವಿಯು ಪ್ಲಾಟಿನಮ್ಮಿನ ಮೈಮೇಲೆ ಉತ್ಕರ್ಷಣಗೊಂಡು ಅದನ್ನು ಕಾಯಿಸುತ್ತಲೇ ಇರುತ್ತದೆ. ಎಂಜಿನ್ನು ಹಟ ಹಿಡಿದರೆ ಇಲ್ಲಿಯೂ ಮೊದಲು ಪ್ಲಗ್ಗನ್ನು ಬಿಚ್ಚಿ ಸೆಲ್ಲಿಗೆ ತಾಗಿಸಿ ನೋಡಬೇಕು. ಸುರುಳಿ ಮಂಕಾಗಿದ್ದರೆ ಸೆಲ್ಲು ಸೋತಿದೆ ಅಥವಾ ಪ್ಲಗ್ಗು ಕೆಟ್ಟಿದೆ. ಅದು ನಿಗಿನಿಗಿ ಹೊಳೆದರೂ ಎಂಜಿನ್ನು ಬಿಗಿದು ನಿಂತಿದ್ದರೆ ಒಳಗೆ ಇಂಧನ ತುಂಬಿಕೊಂಡಿರಬೇಕು. ದ್ರವವನ್ನು ಗಾಳಿಯಂತೆ ಅದುಮಲಾಗದು. ಬಲವಂತ ಮಾಡಿದರೆ ಒಳಗಿನ ಸರಳು ಬಾಗೀತು. ಪ್ಲಗ್ಗು ಬಿಚ್ಚಿದಂತೆಯೇ ಕಾರನ್ನು ಬೋರಲು ಹಿಡಿದು ನಾಲ್ಕು ಸುತ್ತು ತಿರುಗಿಸಿ ಹೆಚ್ಚಿನ ಇಂಧನವನ್ನು ಚೆಲ್ಲಿರಿ, ಮುಖವನ್ನು ಮಾತ್ರ ದೂರವಿರಿಸಿ.