ನಿಮಗಿದು ಗೊತ್ತೆ? ಖಾಲಿ ಹೊಟ್ಟೆ ಕೇಳುವ ಮಾತ್ರೆ

ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕಿಗೆ ಕೊಡುವ ಎಂಟೆಕಾವಿರ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ಊಟವಾಗಿ 2 ಗಂಟೆ ಕಳೆದಿರಬೇಕು, ಮುಂದಿನ ಊಟಕ್ಕೆ ಇನ್ನೂ 2 ಗಂಟೆ ಇರಬೇಕು. ಹೊಟ್ಟೆಯಲ್ಲಿ ಅನ್ನವಿದ್ದರೆ ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ರಾತ್ರಿ ಬೇಗ ಉಂಡು, ಮಲಗುವ ಮುನ್ನ ತೆಗೆದುಕೊಂಡರೆ ಸಲೀಸು.

ಈ ಮಾತ್ರೆ ವೈರಸ್ ಹೆಚ್ಚುವುದನ್ನು ತಡೆಯುತ್ತದೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ಯಕೃತ್ತಿನ ಜೀವಕೋಶಗಳ ಒಳಗೆ ವೈರಸ್‌ನ ಡಿಎನ್‌ಎ ಅಡಗಿಯೇ ಇರುತ್ತದೆ. ‘ಹುಷಾರಾದೆನಲ್ಲ’ ಎಂದು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮತ್ತೆ ಕೆರಳಿ ಕಾಮಾಲೆ, ಕೆಲವೊಮ್ಮೆ ಯಕೃತ್ತಿನ ವೈಫಲ್ಯದವರೆಗೂ ಹೋಗಬಹುದು. ದಯವಿಟ್ಟು ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಚೀಟಿಯಲ್ಲಿನ ಮಾತ್ರೆ ಮುಗಿಯುವ ಮೊದಲೇ ಮುಂದಿನದನ್ನು ತಂದಿಟ್ಟುಕೊಳ್ಳಿ.

ಆರಂಭಿಸುವ ಮುನ್ನ ಎಚ್‌ಐವಿ ಪರೀಕ್ಷೆ ಅಗತ್ಯ. ಎಚ್‌ಐವಿ ಇದ್ದು ಅದಕ್ಕೆ ಚಿಕಿತ್ಸೆ ಇಲ್ಲದಿದ್ದಾಗ ಎಂಟೆಕಾವಿರ್ ಒಂದನ್ನೇ ಕೊಟ್ಟರೆ ಎಚ್‌ಐವಿ ಔಷಧಕ್ಕೆ ಬಗ್ಗದಂತಾಗಬಹುದು. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣವನ್ನು ಬದಲಿಸಬೇಕಾಗುತ್ತದೆ.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ, ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಹೆಪಟೈಟಿಸ್ ಬಿ ಪರೀಕ್ಷೆ, ಚಿಕಿತ್ಸೆ ಉಚಿತ. ಜುಲೈ 28, ಈ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಹುಟ್ಟಿದ ದಿನ.