ಮುಸ್ಸಂಜೆಯ ಆಟಕ್ಕೆ ಬೆಳಗುವ ಆಟಿಕೆಗಳು

ಮಕ್ಕಳಿಗೆ ಊಟವು ಹೇಗೋ ಹಾಗೆ ಆಟವೂ ಅವಶ್ಯಕವೆಂಬುದನ್ನು ಅಲ್ಲಗಳೆಯುವ ಗೃಹಸ್ಥರು ವಿರಳ. ಆದರೆ ಊಟಕ್ಕೆ ಹೊತ್ತನ್ನು ಗೊತ್ತುಮಾಡಿರುವಂತೆ ಆಟಕ್ಕೂ ಹೊತ್ತನ್ನು ಗೊತ್ತುಮಾಡಿರುವ ಮನೆಗಳು ಎಷ್ಟಿವೆ? ಪಟ್ಟಣವಾಸಿಗಳಾದ ನಮ್ಮ ಮಕ್ಕಳ ದಿನಚರಿಯನ್ನು ಒಮ್ಮೆ ಪರ್ಯಾಲೋಚಿಸಿ ನೋಡಿರಿ. ಬೆಳಗಾಗುತ್ತಲೇ ಶಾಲೆಯ ಸಿದ್ಧತೆ. ಸಂಜೆ ನಾಲ್ಕೈದು ಘಂಟೆಗೆ ಮನೆ ಸೇರುವುದು. ಬಳಿಕ ತಿಂಡಿ, ಮನೆಪಾಠ, ಸಂಗೀತಕ್ಕೋ ಗಣಿತಕ್ಕೋ ಮತ್ತೊಬ್ಬರ ಬಳಿ ಹೋಗುವುದು. ಇವೆಲ್ಲ ಮುಗಿದು ಕೈಕಾಲುಗಳಿಗೆ ಬಿಡುವು ದೊರೆಯುವ ವೇಳೆಗೆ ಸೂರ್ಯನು ಮುಳುಗಿರುತ್ತಾನೆ. ಬೆಂಗಳೂರಿನಲ್ಲಿ ಜುಲೈ ತಿಂಗಳಿನ ಸೂರ್ಯಾಸ್ತವು ಸುಮಾರು ೬ ಘಂಟೆ ೫೦ ನಿಮಿಷಕ್ಕಾದರೆ, ನವೆಂಬರಿನಲ್ಲಿ ೬ ಘಂಟೆಗೆ ಮೊದಲೇ ಆಗಿಬಿಡುವುದು. "ಕತ್ತಲಾಯಿತು, ಒಳಗೆ ಬಾ" ಎಂದು ತಾಯಿ ಕರೆಯುವಳು. ಒಳಗೆ ಬಂದ ಮಗುವು ಮತ್ತೊಂದು ಬೆಳಕಿನ ಮುಂದೆ, ಎಂದರೆ ಮೊಬೈಲು ಫೋನಿನ ಅಥವಾ ಟೆಲಿವಿಷನ್ನಿನ ಮುಂದೆ, ಅಲುಗಾಡದೆ ಕುಳಿತುಬಿಡುವುದು.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷಗಳಾದರೂ ಮೈಬೆವರುವಂತೆ, ಉಸಿರೇರುವಂತೆ ದೇಹವನ್ನು ದುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ವಿಧಿಸಿದೆ. ಮೂಳೆಗಳ ಬಲಕ್ಕೂ ಹೃದಯದ ಪುಷ್ಟಿಗೂ ಮನಸ್ಸಿನ ಉಲ್ಲಾಸಕ್ಕೂ ಇದು ಅವಶ್ಯಕ. ಈ ಒಂದು ಘಂಟೆಯನ್ನು ಎಲ್ಲಿಂದ ತರುವುದು ಎಂಬುದೇ ಇಂದಿನ ತಾಯಿತಂದೆಗಳ ಕಷ್ಟ.

ನಮ್ಮ ಹಿರಿಯರ ಕಾಲದಲ್ಲಿಯೂ ಕತ್ತಲೆಯಿತ್ತು. ಆಗ ಶುಕ್ಲಪಕ್ಷದ ಚಂದ್ರನೇ ಮಕ್ಕಳಿಗೆ ದೀಪವನ್ನು ಹಿಡಿಯುತ್ತಿದ್ದನು. ಅಂಗಳದಲ್ಲಿ ಹಿರಿಯರು ಕೈತುತ್ತಿನ ಬೆಳದಿಂಗಳೂಟಕ್ಕೆ ಅಣಿಮಾಡುತ್ತಿರುವಾಗ ಕಿರಿಯರು ಕಣ್ಣಾಮುಚ್ಚಾಲೆಯಲ್ಲಿ ಮೈಮರೆತಿರುತ್ತಿದ್ದರು. ಇಂದು ಎತ್ತರದ ಮನೆಗಳ ನಡುವೆ ಬೆಳದಿಂಗಳು ನೆಲಕ್ಕಿಳಿಯುವುದೇ ಅಪರೂಪವಾಗಿದೆ. ಹೀಗಿರಲು, ಮಗುವಿನ ಕೈಯಲ್ಲಿಯೋ ಕಾಲಿನಲ್ಲಿಯೋ ಒಂದು ಸಣ್ಣ ಬೆಳಕನ್ನಿಟ್ಟು ಅದನ್ನು ಮತ್ತೆ ಅಂಗಳಕ್ಕೆ ಕರೆತರುವ ಆಟಿಕೆಗಳು ಪೇಟೆಗೆ ಬಂದಿವೆ. ನೆಲಕ್ಕೆ ಬಡಿದೊಡನೆ ಮಿನುಗುವ ಚೆಂಡು, ಹೆಜ್ಜೆಯಿಟ್ಟಂತೆ ಹೊಳೆಯುವ ಷೂ, ತಿರುಗಿಸಿದರೆ ಬೆಳಕಿನ ಬಳೆಯಾಗುವ ಜಿಗಿಯುವ ಹಗ್ಗ, ಕತ್ತಲಲ್ಲಿ ಹಾರುವ ತಟ್ಟೆ, ಚಕ್ರದಲ್ಲಿ ದೀಪವುಳ್ಳ ಸ್ಕೂಟರು, ಜಾತ್ರೆಗಳಲ್ಲಿ ರಬ್ಬರಿನ ಪಟ್ಟಿಯಿಂದ ಆಕಾಶಕ್ಕೆ ಚಿಮ್ಮಿಸುವ ಗಿರಿಗಿಟ್ಲೆ, ಇವೆಲ್ಲ ಆ ಜಾತಿಯವು. ಇವು ಕೇವಲ ಥಳುಕಿನ ಸಾಮಾನುಗಳೋ, ಇಲ್ಲವೆ ಮಕ್ಕಳ ಆರೋಗ್ಯಕ್ಕೆ ಸಹಾಯಕವೋ ಎಂಬುದನ್ನು ವಿಚಾರ ಮಾಡುವುದು ಯುಕ್ತವಾಗಿದೆ.

ಬೆಳಕು ಆಟಿಕೆಯನ್ನು ಸೇರಿದ ಬಗೆ

ಹಳೆಯ ವಿದ್ಯುದ್ದೀಪದ ಬುರುಡೆಯಲ್ಲಿ ಕಾದು ಬೆಳಗುವ ಒಂದು ನವುರಾದ ತಂತಿಯಿರುತ್ತದೆ. ಅದನ್ನು ಚೆಂಡಿನೊಳಗಿಟ್ಟರೆ ಎರಡು ಏಟಿಗೆ ತಂತಿ ಕಡಿಯುವುದು, ಇಲ್ಲವೆ ಗಾಜು ಒಡೆಯುವುದು. ಎಲ್.ಇ.ಡಿ. ಎಂಬ ದೀಪಕ್ಕೆ ತಂತಿಯೂ ಇಲ್ಲ, ಗಾಜಿನ ಬುರುಡೆಯೂ ಇಲ್ಲ. ಅದು ಅರೆವಾಹಕವೆಂಬ ಪದಾರ್ಥದ ಒಂದು ಕಣ; ವಿದ್ಯುತ್ತು ಹರಿದೊಡನೆ ಹೆಚ್ಚು ಕಾಯದೆಯೇ ಬೆಳಗುವುದು. ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಕೊಡುವ ಇಂತಹ ದೀಪವನ್ನು ಅಮೆರಿಕೆಯ ನಿಕ್ ಹೊಲೊನ್ಯಾಕ್ ಎಂಬವರು ೧೯೬೨ರಲ್ಲಿ ನಿರ್ಮಿಸಿದರು. ಪ್ರಕಾಶಮಾನವಾದ ನೀಲಿಯ ಬೆಳಕನ್ನು ಸಾಧಿಸಿದ ಜಪಾನಿನ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಏಟನ್ನು ತಾಳುವ ಈ ದೀಪವಿಲ್ಲದಿದ್ದರೆ ಪುಟಿಯುವ ಚೆಂಡಿನಲ್ಲಿ ಬೆಳಕನ್ನಿಡುವುದು ದುಸ್ಸಾಧ್ಯವಾಗುತ್ತಿದ್ದಿತು.

ಬೆಳಗುವ ಷೂಗಳನ್ನು ಜನಪ್ರಿಯಗೊಳಿಸಿದುದು ಅಮೆರಿಕೆಯ ಎಲ್.ಎ. ಗಿಯರ್ ಎಂಬ ಸಂಸ್ಥೆ. ಅವು ಮಾರಾಟಕ್ಕೆ ಬಂದುದು ೧೯೯೨ರಲ್ಲಿ. ಮೊದಲಿನ ಕೆಲವು ಷೂಗಳಲ್ಲಿ ಪಾದರಸದ ಸ್ವಿಚ್ಚಿದ್ದುದರಿಂದ ೧೯೯೪ರ ಸುಮಾರಿನಲ್ಲಿ ಆಕ್ಷೇಪಣೆಗಳೆದ್ದವು. ಈಗಿನವುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಪುಟ್ಟ ಲೋಹದ ಸುರುಳಿ. ಹೆಜ್ಜೆಯ ಅದಿರಿಗೆ ಸುರುಳಿಯು ನಡುಗಿ ಪಕ್ಕದ ಕಡ್ಡಿಯನ್ನು ಮುಟ್ಟುವುದು. ಮುಟ್ಟಿದ ಕ್ಷಣದಲ್ಲಿ ದೀಪ ಹೊತ್ತುವುದು. ಕಾಲು ನಿಂತರೆ ಸ್ವಲ್ಪ ಹೊತ್ತಿನಲ್ಲಿಯೇ ಆರುವುದು. ಮಿನುಗುವ ಚೆಂಡಿನ ಗುಟ್ಟೂ ಇದೇ.

ಇದಕ್ಕಿಂತಲೂ ಸೊಗಸಾದುದು ಕೆಲವು ಸ್ಕೂಟರು ಮತ್ತು ಸ್ಕೇಟುಗಳ ಚಕ್ರ. ಇದರಲ್ಲಿ ಬ್ಯಾಟರಿಯೇ ಇಲ್ಲ. ನಡುವಿನ ಅಚ್ಚಿನಲ್ಲಿ ಅಯಸ್ಕಾಂತ, ಸುತ್ತಲಿನ ಚಕ್ರದಲ್ಲಿ ತಾಮ್ರದ ತಂತಿಯ ಸುರುಳಿ. ಚಕ್ರವು ತಿರುಗಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟಿ ದೀಪವು ಬೆಳಗುವುದು. ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು; ಹಳೆಯ ಸೈಕಲ್ಲಿನ ಡೈನಮೊ ಕೂಡ ಇದರಿಂದಲೇ ನಡೆಯುತ್ತಿದ್ದಿತು. ಮಗುವು ಎಷ್ಟು ಬಿರುಸಾಗಿ ಒದೆಯುವುದೋ ಅಷ್ಟು ಬೆಳಕು!

ಯಾವುದನ್ನು ಕೊಳ್ಳಬೇಕು?

ಮೇಲೆ ಹೇಳಿದುದರಿಂದಲೇ ಆಟಿಕೆಗಳ ಗುಣಾಗುಣವನ್ನು ತೂಗುವ ತಕ್ಕಡಿಯೊಂದು ದೊರೆಯುತ್ತದೆ. ಒಂದು ಗುಂಡಿಯನ್ನು ಒತ್ತಿದರೆ ತಾನಾಗಿ ಮಿನುಗಿ, ತಾನಾಗಿ ಹಾಡಿ, ತಾನಾಗಿ ಓಡುವ ಆಟಿಕೆಯಲ್ಲಿ ಆಡುವುದು ಯಂತ್ರ, ನೋಡುವುದು ಮಗು. ಜಿಗಿದರೆ, ಎಸೆದರೆ, ಓಡಿದರೆ ಮಾತ್ರ ಬೆಳಗುವ ಆಟಿಕೆಯಲ್ಲಿ ಬೆಳಕೆಂಬುದು ಮಗುವಿನ ದುಡಿಮೆಗೆ ಸಂದ ಕೂಲಿ. ಆದುದರಿಂದ ಅಂಗಡಿಯಲ್ಲಿ ಹಣವನ್ನು ತೆರುವ ಮೊದಲು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ. ಮಗು ನಿಂತರೆ ಇದರ ಬೆಳಕೂ ನಿಲ್ಲುವುದೇ? ಇದನ್ನು ಹಿಡಿದು ನಾಲ್ಕು ಮಕ್ಕಳು ಕೂಡಿ ಆಡಬಹುದೇ? ಬ್ಯಾಟರಿಯ ಮುಚ್ಚಳವು ಮಗುವಿನ ಉಗುರಿಗೆ ಬಿಚ್ಚಿಕೊಳ್ಳದೆ ಇರುವುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಕೊಂಡುಕೊಳ್ಳಬಹುದು.

ಮುಸ್ಸಂಜೆಯ ಕೆಲವು ಆಟಗಳು

ಆಟಿಕೆಯನ್ನು ಕೈಗಿತ್ತ ಮಾತ್ರಕ್ಕೆ ತಾಯಿತಂದೆಗಳ ಕರ್ತವ್ಯವು ತೀರಲಿಲ್ಲ. ಹೊಸತನವು ನಾಲ್ಕು ದಿನಕ್ಕೆ ಹಳಸುವುದು. ಆಟವೊಂದು ಜತೆಗಿದ್ದರೆ ಮಾತ್ರ ಅದು ಉಳಿಯುವುದು. ಮಕ್ಕಳನ್ನು ವರ್ತುಲವಾಗಿ ನಿಲ್ಲಿಸಿ ಮಿನುಗುವ ಚೆಂಡನ್ನು ಒಬ್ಬರಿಂದೊಬ್ಬರಿಗೆ ನೆಲಕ್ಕೆ ಪುಟಿಸಿ ದಾಟಿಸಲು ಹೇಳಿರಿ. ಯಾರ ಕೈಯಲ್ಲಿ ಬೆಳಕು ಆರುವುದೋ ಅವರು ಅಂಗಳವನ್ನು ಒಂದು ಸುತ್ತು ಓಡಿ ಬರತಕ್ಕದ್ದು. ಜಿಗಿಯುವ ಹಗ್ಗದಲ್ಲಿ ಬೆಳಕಿನ ಬಳೆಯು ಕಡಿಯದಂತೆ ಎಷ್ಟು ಎಣಿಕೆಯಾಯಿತೆಂದು ದಿನದಿನವೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿಸಿರಿ. ಕಣ್ಣಾಮುಚ್ಚಾಲೆಯಲ್ಲಿ ಬೆಳಗುವ ಷೂ ಧರಿಸಿದವನು ಅಡಗಿದರೆ ಒಂದು ಹೆಜ್ಜೆಗೇ ಸಿಕ್ಕಿಬೀಳುವನು. ಅದೇ ಒಂದು ಹೊಸ ತಮಾಷೆ.

ಏನನ್ನೂ ಕೊಳ್ಳದೆಯೇ ಆಡಬಹುದಾದ ಆಟವೊಂದುಂಟು. ಮನೆಯಲ್ಲಿರುವ ಟಾರ್ಚಿನ ಬೆಳಕನ್ನು ಹಿರಿಯರು ಅಂಗಳದ ನೆಲದ ಮೇಲೆ ಬಿಡುವುದು. ಮಕ್ಕಳು ಓಡಿಹೋಗಿ ಆ ಬೆಳಕಿನ ಬಟ್ಟಲನ್ನು ತುಳಿಯುವುದು. ತುಳಿಯುವಷ್ಟರಲ್ಲಿ ಅದು ಮತ್ತೊಂದೆಡೆಗೆ ಜಾರುವುದು. ಕಾಲುಘಂಟೆಯಲ್ಲಿ ಎಂತಹ ಸೋಮಾರಿ ಮಗುವಾದರೂ ಬೆವರದೆ ಇರದು. ಬೆಳಕನ್ನು ಮುಖಕ್ಕೆ ಹಿಡಿಯಕೂಡದು. ಲೇಸರ್ ಕಿರಣದ ಕಡ್ಡಿಗಳನ್ನಂತೂ ಈ ಆಟಕ್ಕೆ ಎಂದಿಗೂ ತರಕೂಡದು, ಅವು ಕಣ್ಣಿನ ಒಳಪಟಲವನ್ನು ಸುಡಬಲ್ಲವು.

ತಪ್ಪದೆ ಪಾಲಿಸತಕ್ಕ ಎಚ್ಚರಿಕೆಗಳು

ಈ ಆಟಿಕೆಗಳಲ್ಲಿ ಅಡಗಿರುವ ದೊಡ್ಡ ಅಪಾಯವು ಬೆಳಕಿನಲ್ಲಿಲ್ಲ, ಅಂಗಿಯ ಗುಂಡಿಯಂತಿರುವ ಪುಟ್ಟ ಬ್ಯಾಟರಿಯಲ್ಲಿದೆ. ಚೆಂಡು ಒಡೆದಾಗ ಇದು ಹೊರಬಿದ್ದು ಕೂಸಿನ ಬಾಯಿಯನ್ನು ಸೇರಬಹುದು. ಅದರಲ್ಲಿಯೂ ೨೦ ಮಿಲಿಮೀಟರ್ ಅಗಲದ ಲಿಥಿಯಂ ಬ್ಯಾಟರಿಯು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದಲ್ಲಿ ವಿದ್ಯುತ್ತು ಹರಿದು ತೀಕ್ಷ್ಣವಾದ ಕ್ಷಾರವು ಉಂಟಾಗಿ, ಎರಡೇ ಘಂಟೆಗಳಲ್ಲಿ ಒಳಭಾಗವನ್ನು ಸುಡುವುದು. ದೀಪವನ್ನು ಬೆಳಗಿಸಲಾರದಷ್ಟು ಸೊರಗಿದ ಬ್ಯಾಟರಿಯೂ ಈ ಕೇಡನ್ನು ಮಾಡಬಲ್ಲುದು. ಮಗುವು ಜೊಲ್ಲು ಸುರಿಸುತ್ತ ಕೆಮ್ಮುತ್ತ ಊಟವನ್ನು ಒಲ್ಲೆನೆಂದರೆ, ಬ್ಯಾಟರಿಯೊಂದು ಕಾಣೆಯಾಗಿದ್ದರೆ, ಒಂದು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಂತಿ ಮಾಡಿಸಕೂಡದು. ವರ್ಷ ತುಂಬಿದ ಮಗುವು ನುಂಗಿ ೧೨ ಘಂಟೆಗಳು ಮೀರಿಲ್ಲದಿದ್ದರೆ, ನುಂಗಲು ಶಕ್ತವಾಗಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಆರು ಸಾರಿಯವರೆಗೆ ಕೊಡಬಹುದೆಂದು ವೈದ್ಯರು ಹೇಳುತ್ತಾರೆ. ಜೇನಿಗಾಗಿ ತಡಮಾಡಬಾರದು, ಬೇರೆ ಏನನ್ನೂ ತಿನ್ನಿಸಬಾರದು.

ನಮ್ಮ ದೇಶದಲ್ಲಿ ೨೦೨೧ನೆಯ ಜನವರಿ ೧ರಿಂದ ಮಾರಾಟದ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆಯು ಕಡ್ಡಾಯವಾಗಿದೆ. ವಿದ್ಯುತ್ತಿನಿಂದ ನಡೆಯುವ ಆಟಿಕೆಗಳಿಗೆ ಐ.ಎಸ್. ೧೫೬೪೪ ಎಂಬ ಪ್ರತ್ಯೇಕ ನಿಯಮವಿದೆ. ಬೀದಿಬದಿಯಲ್ಲಿ ಅಗ್ಗಕ್ಕೆ ದೊರೆಯುವುದರಲ್ಲಿ ಈ ಮುದ್ರೆಯುಂಟೋ ಇಲ್ಲವೋ ನೋಡಿಯೇ ಕೊಳ್ಳತಕ್ಕದ್ದು. ಬಿರುಕುಬಿಟ್ಟ ಚೆಂಡನ್ನು ಆಗಲೇ ಮಕ್ಕಳ ಕೈಯಿಂದ ತೆಗೆದಿಡಬೇಕು.

ಇನ್ನೊಂದು ಮಾತು. ಮಿನುಗುವ ಚೆಂಡು ರಸ್ತೆಗೆ ಉರುಳಿದರೆ ವಾಹನದವನಿಗೆ ಚೆಂಡು ಕಾಣಬಹುದು, ಅದರ ಹಿಂದೆ ಓಡಿಬರುವ ಮಗು ಕಾಣದು. ಆದಕಾರಣ ಕಾಂಪೌಂಡಿನ ಒಳಗೆ ಅಥವಾ ಬೇಲಿಯುಳ್ಳ ಉದ್ಯಾನದಲ್ಲಿಯೇ ಈ ಆಟಗಳು ನಡೆಯಲಿ. ಮಕ್ಕಳು ಬಿಳಿಯ ಉಡುಪನ್ನು ಧರಿಸಲಿ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಸಂಜೆಗತ್ತಲೆಗೆ ಮುಂಚಿನ ಹೊತ್ತಿನಲ್ಲಿ ವಿಶೇಷವಾಗಿ ಕಚ್ಚುವುದರಿಂದ ತುಂಬುತೋಳಿನ ಅಂಗಿ ಒಳ್ಳೆಯದು. ಹುಲ್ಲು ಬೆಳೆದ ಮೂಲೆಗಳನ್ನು ಹಿರಿಯರು ಮೊದಲೇ ನೋಡಿಕೊಂಡಿರಬೇಕು.

ಹಗಲಿಗೆ ಸಮನಾದ ದೀಪವಿಲ್ಲ

ಕೊನೆಯದಾಗಿ, ಸಂಜೆಯ ಆಟವು ಹಗಲಿನ ಆಟದ ಸ್ಥಾನವನ್ನು ಆಕ್ರಮಿಸಲಾರದೆಂಬುದನ್ನು ಮರೆಯಬಾರದು. ಚೀನ ದೇಶದ ಗ್ವಾಂಗ್‌ಝೌ ನಗರದ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶವು ೨೦೧೫ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳ ಒಂದನೆಯ ತರಗತಿಯ ಮಕ್ಕಳಿಗೆ ಶಾಲೆಯ ದಿನಗಳಲ್ಲಿ ೪೦ ನಿಮಿಷಗಳ ಹೊರಾಂಗಣದ ಅವಧಿಯೊಂದನ್ನು ಹೆಚ್ಚಾಗಿ ಕೊಟ್ಟರು. ಮೂರು ವರ್ಷಗಳಲ್ಲಿ, ಆ ಮಕ್ಕಳಲ್ಲಿ ನೂರಕ್ಕೆ ೩೦ ಮಂದಿಗೆ ಸಮೀಪದೃಷ್ಟಿಯ ದೋಷವು ಹೊಸದಾಗಿ ತಲೆದೋರಿದರೆ, ಉಳಿದ ಶಾಲೆಗಳಲ್ಲಿ ನೂರಕ್ಕೆ ಸುಮಾರು ೪೦ ಮಂದಿಗೆ ತಲೆದೋರಿತು. ಈ ರಕ್ಷಣೆಯು ಬಹುಮಟ್ಟಿಗೆ ಹಗಲಿನ ಬೆಳಕಿನದೆಂದು ವಿದ್ವಾಂಸರ ಅಭಿಪ್ರಾಯ. ಬಯಲಿನ ಹಗಲು ಮನೆಯೊಳಗಣ ದೀಪಕ್ಕಿಂತ ಹಲವು ಹತ್ತುಪಟ್ಟು ಪ್ರಖರವಾದುದು. ಆಟಿಕೆಯ ಮಿಣುಕು ಅದಕ್ಕೆ ಸಮನಾಗುವುದುಂಟೇ? ಆದ್ದರಿಂದ ರಜಾದಿನಗಳ ಬೆಳಗನ್ನಾದರೂ ಲಗೋರಿಗೆ, ಕುಂಟೆಬಿಲ್ಲೆಗೆ, ಗಾಳಿಪಟಕ್ಕೆ ಮೀಸಲಾಗಿಡಿರಿ.

ಉಳಿದ ದಿನಗಳಲ್ಲಿ, ಪಾಠವೆಲ್ಲ ಮುಗಿದು ಊಟಕ್ಕೆ ಇನ್ನೂ ಒಂದು ಘಂಟೆ ಇರುವಾಗ, ಕುಳಿತಲ್ಲಿಯೇ ನೋಡುವ ಬೆಳಕನ್ನು ಆರಿಸಿ ಓಡಿಸುವ ಬೆಳಕನ್ನು ಮಗುವಿನ ಕೈಗೆ ಕೊಡಿರಿ. ಸಾಧ್ಯವಾದರೆ ತಂದೆಯೂ ಮೆಟ್ಟಿಲಿಳಿದು ಹೋಗಲಿ. ಎಸೆದ ಚೆಂಡನ್ನು ಹಿಡಿದು ಮರಳಿ ಎಸೆಯುವ ಕೈಯೊಂದಿದ್ದರೆ, ಅರ್ಧ ಘಂಟೆಯ ಆಟವು ಒಂದು ಘಂಟೆಗೆ ಬೆಳೆಯುವುದು ಕಷ್ಟವಲ್ಲ.